18446744073709551615ರ ಹೊಟ್ಟೆಯೊಳಗೆ ಏನಿದೆ?

ಮೊನ್ನೆ ಸುಮ್ನೆ ಒಂದು ಸ್ಪ್ರೆಡ್‌ಶೀಟ್ ತೆರೆದು 18446744073709551615 ಅಂತ ಟೈಪ್ ಮಾಡಿದೆ. ಅಂಕಿಗಳೆಲ್ಲ ಕಾಣುವ ಹಾಗೆ ಕಾಲಮ್ ಅಗಲ ಮಾಡಿ ನೋಡಿದರೆ ಅಲ್ಲಿದ್ದದ್ದು 18446744073709500000. ನಾನು ಕೊಟ್ಟ ಕೊನೆಯ ಐದು ಅಂಕಿಗಳ ಜಾಗದಲ್ಲಿ ಐದು ಸೊನ್ನೆ ಕೂತಿದ್ದವು. ಬೆಸ ಸಂಖ್ಯೆ ಕೊಟ್ಟಿದ್ದೆ, ಸಮ ಸಂಖ್ಯೆ ವಾಪಸ್ ಬಂದಿತ್ತು.

ಹದಿನಾರು ಅಂಕಿಯ ಕಾರ್ಡ್ ನಂಬರುಗಳನ್ನು ಹೀಗೆ ಟೈಪ್ ಮಾಡಿ, ಎಲ್ಲವೂ ಸೊನ್ನೆಯಲ್ಲೇ ಮುಗಿಯುವುದನ್ನು ಕಂಡು ತಲೆ ಕೆರೆದುಕೊಂಡವರು ನಿಮ್ಮಲ್ಲೂ ಇರಬಹುದು. ಅದು ಯಾಕೆ ಹಾಗೆ ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಈ ಸಂಖ್ಯೆಯ ಪರಿಚಯ ಆಗಲಿ. ಇದು ನಾನು ಕಣ್ಣು ಮುಚ್ಚಿ ಒತ್ತಿದ ಅಂಕಿಗಳ ಸಾಲಲ್ಲ. ಎರಡನ್ನು ಅರವತ್ತನಾಲ್ಕು ಸಲ ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ. ಬರೆಯುವುದಾದರೆ 2⁶⁴ − 1. ಚದುರಂಗದ ಮಣೆ, ಛಂದಸ್ಸಿನ ಲಘು-ಗುರು, ಕೈವಾರದಲ್ಲಿ ಎಳೆಯುವ ಆಕೃತಿಗಳು, ನಿಮ್ಮ ಜೇಬಿನ ಫೋನು, ಇಷ್ಟೂ ಕಡೆ ಇದರ ಓಡಾಟ ಇದೆ.

ಮೊದಲನೇ ತೊಂದರೆ ಓದುವುದು. ನಮ್ಮ ಕ್ರಮದಲ್ಲಿ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಕೋಟಿ ದಾಟಿದ ಮೇಲೆ ನಮ್ಮ ಬಾಯಿಗೆ ಹೆಸರೇ ಬರುವುದಿಲ್ಲ. ಆದ್ದರಿಂದ 'ಒಂದು ಲಕ್ಷ ಎಂಬತ್ನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ಮೇಲೆ ಚಿಲ್ಲರೆ' ಅನ್ನಬೇಕು. ಆ ಚಿಲ್ಲರೆಯೇ ಸುಮಾರು 44 ಲಕ್ಷ ಕೋಟಿ. ಕರ್ನಾಟಕದ 2025-26ರ ಬಜೆಟ್ಟು ರೂಪಾಯಿ ಲೆಕ್ಕದಲ್ಲಿ ಸುಮಾರು 4 ಲಕ್ಷ ಕೋಟಿ. ಅಂದರೆ ನಾವು ಚಿಲ್ಲರೆ ಅಂತ ಕೈಬಿಟ್ಟದ್ದರಲ್ಲಿ ಹತ್ತು ಬಜೆಟ್ಟು ಹಿಡಿಸುತ್ತದೆ.

ಹಳಬರಿಗೆ ಈ ಕಷ್ಟ ಇರಲಿಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತದಿಂದ ಶುರುವಾಗಿ ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ ಎಲ್ಲ ದಾಟಿ ಮಹಾಕ್ಷೋಭದವರೆಗೆ ಪಟ್ಟಿ ಹೋಗುತ್ತದೆ. ಇಪ್ಪತ್ತನೇ ಸ್ಥಾನ ಮಹಾಶಂಖ. ನಮ್ಮ ಸಂಖ್ಯೆಗೆ ಇಪ್ಪತ್ತು ಅಂಕಿ. ಆದ್ದರಿಂದ ಅವರ ಲೆಕ್ಕದಲ್ಲಿ ಇದು ಒಂದು ಮಹಾಶಂಖ, ಎಂಟು ಶಂಖ, ಮೇಲೆ ಇನ್ನೂ ಹದಿನೆಂಟು ಅಂಕಿ. ಹೆಸರಿದ್ದರೆ ಭಯ ಸ್ವಲ್ಪ ಕಡಿಮೆ ಆಗುತ್ತದೆ ಅಲ್ವಾ?

ಅಂಕಿಗಳನ್ನು ಎಣಿಸದೆಯೂ ಇಪ್ಪತ್ತು ಅಂತ ಹೇಳಬಹುದು. ಎರಡನ್ನು ಹತ್ತು ಸಲ ಗುಣಿಸಿದರೆ 1024, ಹತ್ತಿರ ಹತ್ತಿರ ಸಾವಿರ. ಅರವತ್ತು ಸಲ ಅಂದರೆ ಸಾವಿರವನ್ನು ಆರು ಸಲ ಗುಣಿಸಿದ ಹಾಗೆ, ಒಂದರ ಮುಂದೆ ಹದಿನೆಂಟು ಸೊನ್ನೆ. ಉಳಿದ ನಾಲ್ಕು ಎರಡುಗಳು ಸೇರಿ 16. ಹದಿನಾರರ ಮುಂದೆ ಹದಿನೆಂಟು ಸೊನ್ನೆ ಹಾಕಿದರೆ ಇಪ್ಪತ್ತು ಅಂಕಿ ಆಯಿತು.

ಮಣೆಯ ಮೇಲಿನ ಅಕ್ಕಿ

ಈ ಸಂಖ್ಯೆಯನ್ನು ಹೆಚ್ಚಿನವರು ಮೊದಲು ಕೇಳುವುದು ಕಥೆಯಲ್ಲಿ. ಚದುರಂಗ ಕಂಡುಹಿಡಿದವನಿಗೆ ರಾಜ 'ಏನು ಬೇಕು ಕೇಳು' ಅನ್ನುತ್ತಾನೆ. ಅವನು ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರವತ್ತನಾಲ್ಕು ಮನೆಗೂ ದುಪ್ಪಟ್ಟು ಮಾಡುತ್ತಾ ಕೊಡು ಅನ್ನುತ್ತಾನೆ. 13ನೇ ಶತಮಾನದಲ್ಲಿ ಇಬ್ನ್ ಖಲ್ಲಿಕಾನ್ ಅರಬ್ಬಿಯಲ್ಲಿ ಬರೆದಿಟ್ಟ ಕಥೆಯಲ್ಲಿ ಕಾಳು ಗೋಧಿ. ಕೇರಳದ ಅಂಬಲಪ್ಪುಳದ ಕೃಷ್ಣ ದೇವಸ್ಥಾನದಲ್ಲಿ ಹೇಳುವ ಐತಿಹ್ಯದಲ್ಲಿ ಅದೇ ಅಕ್ಕಿ. ಅಲ್ಲಿ ಮುದುಕನ ವೇಷದಲ್ಲಿ ಬಂದ ಕೃಷ್ಣನಿಗೆ ರಾಜ ಸಾಲಗಾರನಾಗುತ್ತಾನೆ, ಆ ಸಾಲ ತೀರಿಸಲು ದಿನಾ ಪಾಲ್ಪಾಯಸ ಹಂಚಲಾಗುತ್ತಿದೆ ಅನ್ನುತ್ತಾರೆ. ಸಾಲ ಇನ್ನೂ ತೀರಿಲ್ಲ. ತೀರುವ ಲಕ್ಷಣವೂ ಇಲ್ಲ.

ಯಾಕೆ ಅಂತ ಅಕ್ಕಿ ಅಳೆದೇ ನೋಡೋಣ. ಒಂದು ಗ್ರಾಂಗೆ 40 ಕಾಳು ಅಂತ ಇಟ್ಟುಕೊಳ್ಳಿ. ಸೋನಾ ಮಸೂರಿ ಇದಕ್ಕಿಂತ ಸಣ್ಣದು, ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಪರವಾಗಿಲ್ಲ. ಮೊದಲ ಹತ್ತು ಮನೆಗೆ ಒಟ್ಟು 1023 ಕಾಳು, ಅಂದರೆ ಸುಮಾರು 25 ಗ್ರಾಂ, ಒಂದು ಹಿಡಿಯೂ ಇಲ್ಲ. ಇಪ್ಪತ್ತು ಮನೆ ಮುಗಿದಾಗ 26 ಕೆ.ಜಿ., ಅಂಗಡಿಯಿಂದ ತರುವ ಒಂದು ಮೂಟೆ. ರಾಜ ಇಲ್ಲಿಯವರೆಗೆ ನಗುತ್ತಲೇ ಇರುತ್ತಾನೆ. ಮೂವತ್ತು ಮನೆಗೆ 27 ಟನ್. ಮೂವತ್ತೆರಡಕ್ಕೆ, ಅಂದರೆ ಸರಿಯಾಗಿ ಅರ್ಧ ಮಣೆಗೆ, 107 ಟನ್. ಹತ್ತು ಟನ್ನಿನ ಲಾರಿ ಹನ್ನೊಂದು ಸಾಕು. ಆಸ್ಥಾನಕ್ಕೆ ಅದೂ ಭಾರವೇನಲ್ಲ.

ನಲವತ್ತಕ್ಕೆ 27 ಸಾವಿರ ಟನ್. ಐವತ್ತಕ್ಕೆ 2.8 ಕೋಟಿ ಟನ್. ಪೂರ್ತಿ ಮಣೆಗೆ ಸುಮಾರು 46,000 ಕೋಟಿ ಟನ್. ಇವತ್ತು ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ ಐವತ್ತು ಕೋಟಿ ಟನ್ನಿನ ಆಸುಪಾಸು. ಒಂದು ಕಾಳನ್ನೂ ಯಾರೂ ತಿನ್ನದೆ ಎಲ್ಲವನ್ನೂ ಕೂಡಿಟ್ಟರೆ ಒಂಬೈನೂರು ವರ್ಷ ಬೇಕು.

ಇಲ್ಲಿ ಕಾಳು ಕೂಡಿಸುವ ಲೆಕ್ಕ ಎಷ್ಟು ಸುಲಭ ನೋಡಿ. ಅರವತ್ತನಾಲ್ಕು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಕೂಡಿಸಬೇಕಾಗಿಲ್ಲ. ಪಕ್ಕದ ಮನೆಯಿಂದ ಒಂದೇ ಒಂದು ಕಾಳು ಸಾಲ ತನ್ನಿ. ಮೊದಲ ಮನೆಯ ಒಂದು ಕಾಳಿನ ಜೊತೆ ಸೇರಿಸಿದರೆ ಎರಡು. ಎರಡನೇ ಮನೆಯಲ್ಲೂ ಎರಡು, ಸೇರಿ ನಾಲ್ಕು. ಮೂರನೇ ಮನೆಯಲ್ಲಿ ನಾಲ್ಕು, ಸೇರಿ ಎಂಟು. ಹೀಗೆ ಪ್ರತಿ ಮನೆಯೂ ಕೈಯಲ್ಲಿದ್ದದ್ದನ್ನು ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಕೊನೆಗೆ ಕೈಯಲ್ಲಿ 2⁶⁴ ಕಾಳು. ತಂದ ಸಾಲ ವಾಪಸ್ ಕೊಟ್ಟರೆ 2⁶⁴ − 1. ಅದರಲ್ಲಿರುವ ಆ 'ಮೈನಸ್ ಒಂದು' ಪಕ್ಕದ ಮನೆಯವರ ಕಾಳು.

2⁶⁴ ಅನ್ನು ಕೈಯಲ್ಲಿ ಕಟ್ಟುವುದಕ್ಕೂ 63 ಗುಣಾಕಾರ ಬೇಡ. ಆರೇ ಆರು ಸಾಕು. ಎರಡರ ವರ್ಗ 4, ಅದರ ವರ್ಗ 16, ಅದರ ವರ್ಗ 256, ಆಮೇಲೆ 65536, ಆಮೇಲೆ 4294967296, ಇನ್ನೊಂದು ಸಲ ವರ್ಗ ಮಾಡಿದರೆ 18446744073709551616. ಈ ಉಪಾಯ ಹೊಸದಲ್ಲ. ಪಿಂಗಳನ ಛಂದಃಸೂತ್ರದಲ್ಲೇ ಇದೆ. ಇಷ್ಟು ಅಕ್ಷರದ ಪಾದಕ್ಕೆ ಲಘು-ಗುರುಗಳ ಎಷ್ಟು ವಿನ್ಯಾಸ ಸಾಧ್ಯ ಅನ್ನುವುದು ಅಲ್ಲಿನ ಪ್ರಶ್ನೆ. ಒಂದು ಅಕ್ಷರ ಹೆಚ್ಚಾದರೆ ವಿನ್ಯಾಸ ದುಪ್ಪಟ್ಟು. ಅಕ್ಷರಗಳ ಸಂಖ್ಯೆಯನ್ನು ಅರ್ಧ ಮಾಡುತ್ತಾ ಇಳಿ, ಇಳಿದ ಮೆಟ್ಟಿಲಲ್ಲೇ ವರ್ಗ ಮಾಡುತ್ತಾ ಹತ್ತು ಅನ್ನುವುದು ಅವನ ದಾರಿಯ ಸಾರ. 64 ಅನ್ನು ಆರು ಸಲ ಅರ್ಧ ಮಾಡಿದರೆ 1. ಅದಕ್ಕೇ ಆರು ವರ್ಗ. ಅರವತ್ತನಾಲ್ಕು ಅಕ್ಷರಕ್ಕೆ ಇರುವ ಎಲ್ಲ ವಿನ್ಯಾಸಗಳಲ್ಲಿ ಬರೀ ಗುರುಗಳೇ ಇರುವ ಒಂದನ್ನು ತೆಗೆದುಬಿಟ್ಟರೆ ಉಳಿಯುವುದು ನಮ್ಮ ಸಂಖ್ಯೆ.

ಒಡೆದು ನೋಡಿದರೆ

ಕಥೆಗಳಲ್ಲಿ ಈ ಸಂಖ್ಯೆಗೆ ಇರುವ ಕೆಲಸ ಹೆದರಿಸುವುದು ಒಂದೇ. ನನಗೆ ಅದರ ಗಾತ್ರಕ್ಕಿಂತ ಅದನ್ನು ಕಟ್ಟಿರುವ ರೀತಿ ಇಷ್ಟ. ಯಾವುದೇ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಒಡೆಯಬಹುದು ಅಂತ ಶಾಲೆಯಲ್ಲಿ ಓದಿದ್ದೇವೆ. ಇಪ್ಪತ್ತು ಅಂಕಿಯದನ್ನು ಒಡೆಯುವುದು ಕಷ್ಟ ಅನ್ನಿಸುತ್ತದೆ. ಕೊನೆಯಲ್ಲಿ 5 ಇದೆ, ಆದ್ದರಿಂದ ಐದರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 87, ಆದ್ದರಿಂದ ಮೂರರಿಂದಲೂ ಆಗುತ್ತದೆ. ಅದರ ಮುಂದೆ?

ಮುಂದಕ್ಕೆ ಎಂಟನೇ ಕ್ಲಾಸಿನ ಒಂದು ಸೂತ್ರ ಸಾಕು: ಅ² − 1 = (ಅ − 1)(ಅ + 1). 2⁶⁴ ಅಂದರೆ 2³²ರ ವರ್ಗ. ಆದ್ದರಿಂದ 2⁶⁴ − 1 ಅನ್ನು (2³² − 1) ಮತ್ತು (2³² + 1) ಅಂತ ಸೀಳಬಹುದು. ಇದರಲ್ಲಿ 2³² − 1 ಮತ್ತೆ ಅದೇ ರೂಪದಲ್ಲಿದೆ, ಮತ್ತೆ ಸೀಳಿ. ಈರುಳ್ಳಿ ಸುಲಿದ ಹಾಗೆ ಒಂದೊಂದು ಪದರ ಬಿಚ್ಚುತ್ತಾ ಹೋದರೆ ಕೊನೆಗೆ ಉಳಿಯುವುದು:

3 × 5 × 17 × 257 × 65537 × 4294967297

ಪ್ರತಿಯೊಂದೂ ಮೇಲೆ ನೋಡಿದ ವರ್ಗಗಳಿಗೆ ಒಂದು ಸೇರಿಸಿದ್ದು. 2ಕ್ಕೆ ಒಂದು ಸೇರಿಸಿದರೆ 3, 4ಕ್ಕೆ ಸೇರಿಸಿದರೆ 5, 16ಕ್ಕೆ ಸೇರಿಸಿದರೆ 17. ಇವಕ್ಕೆ ಫರ್ಮಾ ಸಂಖ್ಯೆಗಳು ಅಂತ ಹೆಸರು. ಪಿಯರ್ ಡಿ ಫರ್ಮಾ ಫ್ರಾನ್ಸಿನ ಟೂಲೂಸ್‌ನಲ್ಲಿ ನ್ಯಾಯಾಲಯದ ಅಧಿಕಾರಿ, ಬಿಡುವಿನಲ್ಲಿ ಗಣಿತ ಮಾಡುತ್ತಿದ್ದವನು. 3, 5, 17, 257, 65537 ಐದೂ ಅವಿಭಾಜ್ಯ. ಇದನ್ನು ನೋಡಿ ಅವನು 1640ರಲ್ಲಿ, ಈ ಸಾಲಿನಲ್ಲಿ ಬರುವ ಎಲ್ಲವೂ ಅವಿಭಾಜ್ಯವೇ ಇರಬೇಕು ಅಂತ ಪತ್ರದಲ್ಲಿ ಬರೆದ. ಸಾಧಿಸಿ ತೋರಿಸಲು ಆಗಿಲ್ಲ ಅಂತಲೂ ಒಪ್ಪಿಕೊಂಡ. ಹಾಗಾದರೆ ಆರನೆಯದಾದ 4294967297 ಕೂಡ ಅವಿಭಾಜ್ಯವಾ?

ಸುಮಾರು ತೊಂಬತ್ತು ವರ್ಷ ಇದಕ್ಕೆ ಉತ್ತರ ಸಿಗಲಿಲ್ಲ. ಹತ್ತೇ ಅಂಕಿಯ ಸಂಖ್ಯೆ. ಆದರೆ ಕೈಲೆಕ್ಕದಲ್ಲಿ ಪರೀಕ್ಷೆ ಮಾಡಬೇಕಾದರೆ 65 ಸಾವಿರದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅಂಥವು ಆರು ಸಾವಿರಕ್ಕೂ ಜಾಸ್ತಿ ಇವೆ. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಅದು 641ರಿಂದ ಭಾಗವಾಗುತ್ತದೆ ಅಂತ ತೋರಿಸಿದ. 641 × 6700417 = 4294967297. ಫರ್ಮಾನ ಊಹೆ ಮುರಿದು ಬಿತ್ತು.

ಆಯ್ಲರ್ ಕುರುಡಾಗಿ ಭಾಗಿಸುತ್ತಾ ಕೂರಲಿಲ್ಲ. ಈ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಭಾಗಿಸುವುದಾದರೆ, ಅದು 64ರ ಗುಣಕಕ್ಕೆ ಒಂದು ಸೇರಿಸಿದ್ದೇ ಆಗಿರಬೇಕು ಅನ್ನುವುದನ್ನು ಅವನು ಸಾಧಿಸಿದ. ಈಗ ಹುಡುಕುವ ಜಾಗ ಎಷ್ಟು ಚಿಕ್ಕದಾಯಿತು ನೋಡಿ. 65 ಅವಿಭಾಜ್ಯ ಅಲ್ಲ, ಬಿಡಿ. 129 ಅಲ್ಲ. 193 ಹೌದು. 257 ಹೌದು. 321, 385 ಅಲ್ಲ. 449 ಹೌದು. 513 ಅಲ್ಲ. 577 ಹೌದು. 641 ಹೌದು. ಅಂದರೆ ಐದನೇ ಪ್ರಯತ್ನಕ್ಕೇ ಬಾಗಿಲು ತೆರೆಯಿತು. ಫರ್ಮಾ ಒಂದು ಸಂಜೆ ಕೂತಿದ್ದರೆ ಅವನಿಗೂ ಸಿಗುತ್ತಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

641 ಭಾಗಿಸುತ್ತದೆ ಅಂತ ಭಾಗಿಸದೆಯೇ ತೋರಿಸಬಹುದು. ಇದಕ್ಕೆ ಪೆನ್ನು ಕಾಗದ ತೆಗೆದುಕೊಳ್ಳಿ, ಎರಡು ನಿಮಿಷದ ಕೆಲಸ. 641 ಅನ್ನು ಎರಡು ರೀತಿ ಬರೆಯಬಹುದು. ಒಂದು, 640 + 1, ಅಂದರೆ 5 × 2⁷ + 1. ಇನ್ನೊಂದು, 625 + 16, ಅಂದರೆ 5⁴ + 2⁴. ಇನ್ನು ಮುಂದೆ 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಮಾತ್ರ ನೋಡೋಣ. ಮೊದಲ ರೀತಿಯಿಂದ, 5 × 2⁷ರ ಶೇಷ −1, ಅಂದರೆ 641ಕ್ಕೆ ಒಂದು ಕಡಿಮೆ. ಎರಡೂ ಕಡೆ ನಾಲ್ಕನೇ ಘಾತ ತೆಗೆದುಕೊಳ್ಳಿ. ಎಡಕ್ಕೆ 5⁴ × 2²⁸, ಬಲಕ್ಕೆ −1ರ ನಾಲ್ಕನೇ ಘಾತ, ಅದು 1. ಎರಡನೇ ರೀತಿಯಿಂದ, 5⁴ ಅನ್ನುವುದು −2⁴ಕ್ಕೆ ಸಮ. 5⁴ ಇದ್ದ ಜಾಗದಲ್ಲಿ −2⁴ ಇಡಿ. ಈಗ ಎಡಕ್ಕೆ −2³², ಬಲಕ್ಕೆ 1. ಹಾಗಾದರೆ 2³²ರ ಶೇಷ −1. ಅದಕ್ಕೆ ಒಂದು ಸೇರಿಸಿದರೆ ಶೇಷ 0. ಮುಗಿಯಿತು. ಹತ್ತು ಅಂಕಿಯ ಸಂಖ್ಯೆಯನ್ನು ಬರೆಯಲೂ ಇಲ್ಲ, ಭಾಗಿಸಲೂ ಇಲ್ಲ.

ಹಾಗಾಗಿ ನಮ್ಮ ಸಂಖ್ಯೆಯ ಪೂರ್ತಿ ಜಾತಕ ಇದು:

18446744073709551615 = 3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯಗಳು, ಒಂದೂ ಎರಡು ಸಲ ಬಂದಿಲ್ಲ. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಆದ್ದರಿಂದ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 2⁷, ಅಂದರೆ 128.

ಏಳೂ ಬೇರೆ ಬೇರೆ ಬಂದದ್ದು ಆಕಸ್ಮಿಕ ಅಲ್ಲ. ಮೊದಲ ಆರು ಫರ್ಮಾ ಸಂಖ್ಯೆಗಳ ಗುಣಲಬ್ಧ 2⁶⁴ − 1. ಏಳನೇ ಫರ್ಮಾ ಸಂಖ್ಯೆ 2⁶⁴ + 1. ಎರಡಕ್ಕೂ ವ್ಯತ್ಯಾಸ ಎರಡೇ. ಏಳನೆಯದನ್ನೂ ಹಿಂದಿನ ಯಾವುದಾದರೂ ಒಂದನ್ನೂ ಭಾಗಿಸುವ, 1 ಅಲ್ಲದ ಸಂಖ್ಯೆ ಇದ್ದರೆ ಅದು ಆ ವ್ಯತ್ಯಾಸವನ್ನೂ, ಅಂದರೆ 2ನ್ನೂ, ಭಾಗಿಸಬೇಕು. ಆದರೆ ಇವೆಲ್ಲ ಬೆಸ ಸಂಖ್ಯೆಗಳು, ಅದು ಸಾಧ್ಯವಿಲ್ಲ. ಈ ಮಾತು ಸಾಲಿನ ಎಲ್ಲ ಸಂಖ್ಯೆಗಳಿಗೂ ನಡೆಯುತ್ತದೆ. ಆಯ್ಲರ್‌ಗೆ ಫರ್ಮಾನ ಊಹೆಯನ್ನು ನೆನಪಿಸಿದ ಕ್ರಿಶ್ಚಿಯನ್ ಗೋಲ್ಡ್‌ಬಾಕ್ 1730ರಲ್ಲಿ ಇದನ್ನು ಹೇಳಿದ. ಪ್ರತಿ ಫರ್ಮಾ ಸಂಖ್ಯೆಯೂ ಹಿಂದೆ ಬಾರದ ಹೊಸ ಅವಿಭಾಜ್ಯವನ್ನು ತರುತ್ತದೆ, ಸಾಲಿಗೆ ಕೊನೆ ಇಲ್ಲ, ಆದ್ದರಿಂದ ಅವಿಭಾಜ್ಯಗಳಿಗೂ ಕೊನೆ ಇಲ್ಲ. ಫರ್ಮಾನ ಊಹೆ ಸುಳ್ಳಾದರೂ ಅವನ ಸಾಲು ಬೇರೆ ಕಡೆ ಕೆಲಸಕ್ಕೆ ಬಂತು.

ಅರ್ಧ ಮಣೆ ಮತ್ತು ಕೈವಾರ

ಇನ್ನೊಂದು ಕಡೆಯೂ ಬಂತು, ಅದು ಇನ್ನೂ ಸೊಗಸು. ಗುರುತಿಲ್ಲದ ಪಟ್ಟಿ ಮತ್ತು ಕೈವಾರ ಎರಡನ್ನೇ ಬಳಸಿ, ಎಲ್ಲ ಬಾಹುಗಳೂ ಎಲ್ಲ ಕೋನಗಳೂ ಸಮ ಇರುವ ತ್ರಿಭುಜ ಎಳೆಯುವುದು ನಮಗೆ ಗೊತ್ತು. ಐದು ಬಾಹುಗಳದ್ದನ್ನು ಗ್ರೀಕರು ಎಳೆಯುತ್ತಿದ್ದರು. ಏಳು ಬಾಹುಗಳದ್ದು ಆಗುವುದಿಲ್ಲ. ಎರಡು ಸಾವಿರ ವರ್ಷ ವಿಷಯ ಅಲ್ಲೇ ನಿಂತಿತ್ತು. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಕಾರ್ಲ್ ಫ್ರೆಡ್ರಿಕ್ ಗೌಸ್, ಹದಿನೇಳು ಬಾಹುಗಳ ಆಕೃತಿಯನ್ನು ಎಳೆಯಬಹುದು ಅಂತ ತೋರಿಸಿದ. ಬಾಹುಗಳ ಸಂಖ್ಯೆ ಬೆಸ ಆಗಿದ್ದರೆ, ಅದು ಬೇರೆ ಬೇರೆ ಅವಿಭಾಜ್ಯ ಫರ್ಮಾ ಸಂಖ್ಯೆಗಳ ಗುಣಲಬ್ಧ ಆಗಿರಬೇಕು. ಹಾಗಿಲ್ಲದಿದ್ದರೆ ಸಾಧ್ಯವೇ ಇಲ್ಲ ಅನ್ನುವುದನ್ನು 1837ರಲ್ಲಿ ಪಿಯರ್ ವಾಂಟ್ಸೆಲ್ ಸಾಧಿಸಿದ.

ಅವಿಭಾಜ್ಯ ಫರ್ಮಾ ಸಂಖ್ಯೆ ಅಂತ ನಮಗೆ ಗೊತ್ತಿರುವುದು ಇವತ್ತಿಗೂ ಅವೇ ಐದು: 3, 5, 17, 257, 65537. ಆರನೆಯದನ್ನು ಆಯ್ಲರ್ ಒಡೆದ, ಅದರಾಚೆ ಪರೀಕ್ಷೆ ಮುಗಿದದ್ದೆಲ್ಲ ಒಡೆಯುವಂಥವೇ ಆಗಿವೆ. ಈಗ ಈ ಐದನ್ನೂ ಗುಣಿಸಿ. 4294967295. ಅಂದರೆ 2³² − 1. ಅಂದರೆ ಅರ್ಧ ಚದುರಂಗದ ಮಣೆಯ ಮೇಲೆ ಇದ್ದ ಅಕ್ಕಿ ಕಾಳುಗಳ ಸಂಖ್ಯೆ! ಕೈವಾರದಿಂದ ಎಳೆಯಬಹುದು ಅಂತ ನಮಗೆ ಗೊತ್ತಿರುವ ಬೆಸ ಬಾಹುಗಳ ಆಕೃತಿಗಳಲ್ಲಿ ಅತಿ ದೊಡ್ಡದಕ್ಕೆ ಇಷ್ಟೇ ಬಾಹುಗಳು. ಹನ್ನೊಂದು ಲಾರಿ ಅಕ್ಕಿಗೂ ಪಟ್ಟಿ-ಕೈವಾರಕ್ಕೂ ಇರುವ ಈ ನಂಟು ಮೊದಲ ಸಲ ಕಂಡಾಗ ನಾನು ಲೆಕ್ಕ ತಪ್ಪಿದೆ ಅಂದುಕೊಂಡು ಮತ್ತೆ ಗುಣಿಸಿದ್ದೆ.

65537 ಬಾಹುಗಳದ್ದನ್ನು ಎಳೆಯುವ ಕ್ರಮ ಬರೆಯಲು ಜರ್ಮನಿಯ ಯೊಹಾನ್ ಗುಸ್ತಾವ್ ಹರ್ಮೆಸ್ ಹತ್ತು ವರ್ಷ ಕಳೆದ. ಆ ಹಸ್ತಪ್ರತಿ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿದೆ. ಎಳೆದರೆ ಅದು ವೃತ್ತದ ಹಾಗೇ ಕಾಣುತ್ತದೆ, ಆ ಮಾತು ಬೇರೆ.

ಅಕ್ಕಪಕ್ಕದವರು

ನಮ್ಮ ಸಂಖ್ಯೆ ಇಷ್ಟು ಸಲೀಸಾಗಿ ಬಿಚ್ಚಿಕೊಂಡದ್ದು 64 ಅನ್ನುವುದು ಮತ್ತೆ ಮತ್ತೆ ಅರ್ಧವಾಗುವ ಸಂಖ್ಯೆ ಅನ್ನುವ ಕಾರಣಕ್ಕೆ. ಸ್ವಲ್ಪ ಆಚೀಚೆ ಹೋಗಿ ನೋಡಿ, ಕಥೆ ಬದಲಾಗುತ್ತದೆ.

ಮೂರು ಮನೆ ಹಿಂದೆ ಬನ್ನಿ. 2⁶¹ − 1, ಅಂದರೆ 2305843009213693951. ಇದು ಒಡೆಯುವುದೇ ಇಲ್ಲ, ಅವಿಭಾಜ್ಯ. ರಷ್ಯಾದ ಪಾದ್ರಿ ಇವಾನ್ ಪೆರ್ವುಶಿನ್ 1883ರಲ್ಲಿ ಇದನ್ನು ಕೈಲೆಕ್ಕದಲ್ಲೇ ಸಾಧಿಸಿದ.

ಮೂರು ಮನೆ ಮುಂದೆ ಹೋಗಿ. 2⁶⁷ − 1, ನಮ್ಮ ಸಂಖ್ಯೆಯನ್ನು ಎಂಟರಿಂದ ಗುಣಿಸಿ ಏಳು ಸೇರಿಸಿದ್ದು. 1644ರಲ್ಲಿ ಮರಿನ್ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಎಡುವರ್ಡ್ ಲ್ಯೂಕಾ ಅದು ತಪ್ಪು ಅಂತ ತೋರಿಸಿದ, ಆದರೆ ಯಾವ ಸಂಖ್ಯೆಗಳು ಅದನ್ನು ಭಾಗಿಸುತ್ತವೆ ಅಂತ ಅವನಿಗೂ ಗೊತ್ತಿರಲಿಲ್ಲ. ಕಳ್ಳತನ ಆಗಿದೆ ಅಂತ ಖಾತ್ರಿ, ಕಳ್ಳ ಯಾರು ಅಂತ ಗೊತ್ತಿಲ್ಲ ಅನ್ನುವ ಸ್ಥಿತಿ. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಒಂದು ಗಣಿತ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಉತ್ತರ ಕೊಟ್ಟ: 193707721 × 761838257287. ಅವನು ಬಾಯಿಬಿಡದೆ ಹಲಗೆಯ ಮೇಲೆ ಗುಣಾಕಾರ ಮಾಡಿ ಕೂತುಬಿಟ್ಟ, ಸಭೆ ಚಪ್ಪಾಳೆ ತಟ್ಟಿತು, ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವು ಅಂತ ಹೇಳಿದ ಎಂಬ ಕಥೆ ಇದೆ. ಕಥೆಗೆ ಸ್ವಲ್ಪ ಬಣ್ಣ ಬಳಿದಿರಬಹುದು. ಗುಣಾಕಾರ ಮಾತ್ರ ಪಕ್ಕಾ.

ಇನ್ನು ತೀರಾ ಪಕ್ಕದ್ದು, ಎರಡೇ ಹೆಚ್ಚು ಇರುವ 2⁶⁴ + 1. ಇದಕ್ಕೆ ಆ ಎಂಟನೇ ಕ್ಲಾಸಿನ ಸೂತ್ರ ನಾಟುವುದಿಲ್ಲ. 1880ರಲ್ಲಿ ಫ್ರಾನ್ಸಿನ ಫಾರ್ಚುನೆ ಲಾಂಡ್ರಿ ಇದನ್ನು 274177 × 67280421310721 ಅಂತ ಒಡೆದಾಗ ಅವನ ವಯಸ್ಸು 82. ನಮ್ಮ ಸಂಖ್ಯೆ, ಈ ಪಕ್ಕದ್ದು, ಎರಡೂ ಇಪ್ಪತ್ತು ಅಂಕಿಯವು, ಕೊನೆಯಲ್ಲಿ 615 ಮತ್ತು 617. ಒಂದು ಕಾಗದದ ತುಂಡಿನ ಮೇಲೆ ಮುಗಿಯುತ್ತದೆ, ಇನ್ನೊಂದು ಒಬ್ಬ ಮುದುಕನ ತಿಂಗಳುಗಳನ್ನು ತಿನ್ನುತ್ತದೆ.

ಅದೇ ಲ್ಯೂಕಾ 1883ರಲ್ಲಿ ಒಂದು ಆಟಿಕೆ ಹೊರತಂದ. ಮೂರು ಕಂಬ, ಒಂದರ ಮೇಲೆ ಒಂದರಂತೆ ಚಿಕ್ಕದಾಗುತ್ತಾ ಹೋಗುವ ಬಿಲ್ಲೆಗಳು. ಹನೋಯ್ ಗೋಪುರ ಅಂತ ಹೆಸರು. ಜೊತೆಗೆ ಒಂದು ಕಥೆಯೂ ಹಬ್ಬಿತು: ಕಾಶಿಯ ದೇವಾಲಯದಲ್ಲಿ 64 ಚಿನ್ನದ ಬಿಲ್ಲೆಗಳಿವೆ, ಅರ್ಚಕರು ಅವನ್ನು ಹಗಲೂ ರಾತ್ರಿ ಸ್ಥಳಾಂತರಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ. ಕಾಶಿಗೆ ಹೋಗಿ ಹುಡುಕಬೇಡಿ, ಅದು ಪ್ಯಾರಿಸಿನಲ್ಲಿ ಹುಟ್ಟಿದ ಕಾಶಿ. ಆದರೆ ಲೆಕ್ಕ ಸರಿಯಾಗಿದೆ. ತಳದ ಬಿಲ್ಲೆಯನ್ನು ಕದಲಿಸಬೇಕಾದರೆ ಮೇಲಿನ ಎಲ್ಲವನ್ನೂ ಒಮ್ಮೆ ಬೇರೆ ಕಂಬಕ್ಕೆ ಸಾಗಿಸಬೇಕು, ಆಮೇಲೆ ಮತ್ತೊಮ್ಮೆ ಅದರ ಮೇಲಕ್ಕೆ ತರಬೇಕು. ಅಂದರೆ ಬಿಲ್ಲೆ ಒಂದು ಹೆಚ್ಚಾದರೆ ನಡೆಗಳು ಎರಡರಷ್ಟಾಗಿ ಮೇಲೊಂದು: 1, 3, 7, 15. ಅರವತ್ತನಾಲ್ಕಕ್ಕೆ ನಮ್ಮ ಸಂಖ್ಯೆಯೇ. ಸೆಕೆಂಡಿಗೆ ಒಂದು ನಡೆ ಅಂದರೂ ಸುಮಾರು 58,450 ಕೋಟಿ ವರ್ಷ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಪ್ರಳಯದ ಬಗ್ಗೆ ಸದ್ಯಕ್ಕೆ ಚಿಂತೆ ಬೇಡ.

ಯಂತ್ರದ ಒಳಗೆ

ಇಷ್ಟು ಹೊತ್ತೂ ನಾನು ಹತ್ತರ ಪದ್ಧತಿಯಲ್ಲೇ ಬರೆದೆ. ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1, ಪಿಂಗಳನಿಗೆ ಲಘು ಗುರು ಇದ್ದ ಹಾಗೆ. ಎರಡರ ಪದ್ಧತಿಯಲ್ಲಿ ನಮ್ಮ ಸಂಖ್ಯೆ ಅಂದರೆ ಸಾಲಾಗಿ ಅರವತ್ತನಾಲ್ಕು 1ಗಳು, ಬೇರೇನೂ ಇಲ್ಲ. ಮೂರು ಅಂಕಿಯಲ್ಲಿ ಬರೆಯಬಹುದಾದ ಅತಿ ದೊಡ್ಡದು 999 ಹೇಗೋ, 64 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಕೂರುವ 64 ಜಾಗಗಳಲ್ಲಿ, ಹಿಡಿಯುವ ಅತಿ ದೊಡ್ಡ ಪೂರ್ಣ ಸಂಖ್ಯೆ ಇದು. ಈಗಿನ ಹೆಚ್ಚಿನ ಫೋನು, ಲ್ಯಾಪ್‌ಟಾಪುಗಳು 64 ಬಿಟ್‌ನವೇ. ಆದ್ದರಿಂದ ಪ್ರೋಗ್ರಾಂ ಬರೆಯುವವರು ಈ ಇಪ್ಪತ್ತು ಅಂಕಿಯನ್ನು ಕಂಡ ಕೂಡಲೇ ಗುರುತು ಹಿಡಿಯುತ್ತಾರೆ, ಅದೂ ಸಾಮಾನ್ಯವಾಗಿ ಏನೋ ಎಡವಟ್ಟಾದಾಗ.

ಯಾಕೆ ಅಂದರೆ, ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರು ನೆನಪಿಸಿಕೊಳ್ಳಿ. 99999 ಆದ ಮೇಲೆ ಒಂದು ಕಿಲೋಮೀಟರ್ ಹೋದರೆ 00000. ಹಾಗೆಯೇ ಅರವತ್ತನಾಲ್ಕು 1ಗಳಿಗೆ ಒಂದು ಸೇರಿಸಿದರೆ ಯಂತ್ರದಲ್ಲಿ ಸೊನ್ನೆ. ಈಗ ಮೀಟರನ್ನು 00000ದಿಂದ ಹಿಂದಕ್ಕೆ ಒಂದು ತಿರುಗಿಸಿ. 99999. ಸೊನ್ನೆಯಿಂದ ಒಂದು ಕಳೆದರೆ ಬರುವುದು ಇದು ಅಂದಮೇಲೆ, ಇದೇ −1 ಅಲ್ವಾ? ಕಂಪ್ಯೂಟರು ಋಣ ಸಂಖ್ಯೆಗಳನ್ನು ಬರೆದಿಡುವುದು ಇದೇ ಉಪಾಯದಿಂದ. ಋಣ ಸಂಖ್ಯೆ ಬರಬಹುದು ಅಂತ ಹೇಳಿದ್ದರೆ ಅರವತ್ತನಾಲ್ಕು 1ಗಳನ್ನು ಅದು −1 ಅಂತ ಓದುತ್ತದೆ. ಬರುವುದಿಲ್ಲ ಅಂತ ಹೇಳಿದ್ದರೆ 18446744073709551615 ಅಂತ ಓದುತ್ತದೆ. ಸ್ಟಾಕ್ ಸೊನ್ನೆ ಇದ್ದಾಗ ಇನ್ನೊಂದು ಮಾಲು ಕಳೆದರೆ, ಪರದೆಯ ಮೇಲೆ ಒಂದು ಲಕ್ಷ ಎಂಬತ್ನಾಲ್ಕು ಸಾವಿರ ಕೋಟಿ ಕೋಟಿ ಮಾಲು ಪ್ರತ್ಯಕ್ಷವಾಗಬಹುದು.

32 ಬಿಟ್‌ನ ಹಳೆಯ ಯಂತ್ರಗಳಿಗೆ ಇಂಥದೇ ಒಂದು ಗಡುವು ಇದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿರುವ ಅವುಗಳ ಮೀಟರು 2147483647ಕ್ಕೆ ತುಂಬುತ್ತದೆ. ನಮ್ಮ ಗಡಿಯಾರದಲ್ಲಿ ಅದು 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. 64 ಬಿಟ್‌ಗೆ ಬದಲಾದವರಿಗೆ, ಋಣ ಸಂಖ್ಯೆಗೆ ಅರ್ಧ ಜಾಗ ಬಿಟ್ಟರೂ, 29 ಸಾವಿರ ಕೋಟಿ ವರ್ಷ ಸಮಯ ಇದೆ.

ಹಾಗಾದರೆ ನನ್ನ ಸ್ಪ್ರೆಡ್‌ಶೀಟ್‌ಗೆ ಏನಾಯಿತು? 64 ಬಿಟ್‌ನ ಯಂತ್ರ, 64 ಬಿಟ್‌ಗೆ ಸರಿಯಾಗಿ ಹಿಡಿಸುವ ಸಂಖ್ಯೆ. ಆದರೂ ಕೆಡಿಸಿತು. ಸ್ಪ್ರೆಡ್‌ಶೀಟ್‌ಗಳು ಸಂಖ್ಯೆಗಳನ್ನು ದಶಮಾಂಶ ಸಹಿತ ಇಟ್ಟುಕೊಳ್ಳಬೇಕು. ಅದಕ್ಕಾಗಿ 64 ಬಿಟ್‌ಗಳಲ್ಲಿ ಒಂದನ್ನು ಚಿಹ್ನೆಗೆ, ಹನ್ನೊಂದನ್ನು ಬಿಂದು ಎಲ್ಲಿದೆ ಅನ್ನುವುದಕ್ಕೆ ಖರ್ಚು ಮಾಡುತ್ತವೆ. ಅಂಕಿಗಳಿಗೆ ಉಳಿಯುವುದು 53 ಬಿಟ್‌ನಷ್ಟು ನಿಖರತೆ. 2⁵³ ಅಂದರೆ 9007199254740992, ಹದಿನಾರು ಅಂಕಿ. ಅದರಾಚೆ ಎಲ್ಲ ಪೂರ್ಣ ಸಂಖ್ಯೆಗಳಿಗೂ ಜಾಗ ಸಿಗುವುದಿಲ್ಲ, ಹತ್ತಿರದ್ದಕ್ಕೆ ಹೊಂದಿಸಿಕೊಳ್ಳಬೇಕು. ಅದಕ್ಕೇ ಹದಿನೈದು ಅಂಕಿಗೆ ನಿಲ್ಲಿಸಿ ಉಳಿದದ್ದಕ್ಕೆ ಸೊನ್ನೆ ಹಾಕುತ್ತವೆ. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ ಪಾರಾಗುತ್ತದೆ, ಹದಿನಾರರ ಕಾರ್ಡ್ ನಂಬರು ಪಾರಾಗುವುದಿಲ್ಲ. ಅಂಥದ್ದನ್ನು ಟೈಪ್ ಮಾಡುವ ಮುಂಚೆ ಆ ಕಾಲಮ್ ಅನ್ನು ಟೆಕ್ಸ್ಟ್ ಅಂತ ಬದಲಿಸಿಕೊಳ್ಳಿ.

ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೂಡ ಮಾಮೂಲಿ ಸಂಖ್ಯೆಗಳನ್ನು ಇದೇ ರೀತಿ ಇಡುತ್ತದೆ. ಅದಕ್ಕೆ 18446744073709551615 ಕೊಟ್ಟರೆ, ಅದಕ್ಕೆ ಸಿಗುವ ಅತಿ ಹತ್ತಿರದ ಜಾಗ 2⁶⁴. ಪಕ್ಕದ ಮನೆಗೆ ಕೊಡಬೇಕಾದ ಆ ಒಂದು ಕಾಳನ್ನು ಅದು ವಾಪಸ್ ಕೊಡುವುದೇ ಇಲ್ಲ. 3, 5, 17, 257, 641, 65537, 6700417 ಇದ್ದ ಸಂಖ್ಯೆ ಒಳಗೆ ಹೋಗಿ ಬರೀ ಎರಡುಗಳ ಗುಡ್ಡೆ ಆಗುತ್ತದೆ. ಬೇಕಾದರೆ 641ರಿಂದ ಭಾಗಿಸಿ ಶೇಷ ಎಷ್ಟು ಅಂತ ಕೇಳಿ ನೋಡಿ. ಸೊನ್ನೆ ಬರಬೇಕು, 1 ಬರುತ್ತದೆ.